"ಚಿಂತಾಮಣಿ ಮನೆಯವರು" ವಾಟ್ಸಾಪ್ ಗುಂಪು: ನೀರಿನ ಸಂಪ್‌ಗೆ ಜಪಾನ್ ಕಲ್ಲು ಹಾಕಬೇಕಾ?

ರಾಜು ಚಿಕ್ಕಪ್ಪ: (ಫಾರ್ವರ್ಡ್ ಆಗಿದೆ) *ಫುಕುಶಿಮಾ ಉಳಿಸಿದ ಕಲ್ಲು ಈಗ ನಿಮ್ಮ ಮನೆಗೆ!! ಜಿಯೋಲೈಟ್ ಕಲ್ಲಿನ ಮೂಟೆಯನ್ನು ಸಂಪ್‌ಗೆ ಹಾಕಿ. ಬೋರ್‌ವೆಲ್ ನೀರಿನ ಎಲ್ಲ ವಿಕಿರಣ 24 ಗಂಟೆಯಲ್ಲಿ ನಾಶ!!*

ರಾಜು ಚಿಕ್ಕಪ್ಪ: ಎರಡು ಮೂಟೆಗೆ ಅಡ್ವಾನ್ಸ್ ಕೊಟ್ಟಿದ್ದೇನೆ. ಯಾರಿಗಾದರೂ ಬೇಕಿದ್ದರೆ ಹೇಳಿ.

ಸುಮ: ಚಿಕ್ಕಪ್ಪ, ಬೇಡ. ದುಡ್ಡು ದಂಡ.

ರಾಜು ಚಿಕ್ಕಪ್ಪ: ಜಪಾನಿನವರು ದಡ್ಡರಾ ಹಾಗಾದ್ರೆ?

ಸುಮ: ಅವರು ಬಳಸಿದ್ದು ನಿಜ. 2011ರಲ್ಲಿ ಫುಕುಶಿಮಾ ಅಣುಸ್ಥಾವರದ ರಿಯಾಕ್ಟರ್ ಕರಗಿದ ಮೇಲೆ ಅಲ್ಲಿನ ನೀರಲ್ಲಿ ಸೀಸಿಯಂ ಅನ್ನುವ ವಿಕಿರಣ ವಸ್ತು ತುಂಬಿತ್ತು. ಜಿಯೋಲೈಟ್‌ನಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ, ಒಳಗೆ ಋಣ ಚಾರ್ಜ್. ಸೀಸಿಯಂದು ಧನ ಚಾರ್ಜ್. ಹೋಗಿ ಕೂತುಬಿಡುತ್ತದೆ. ನಮ್ಮ ಬೋರಿನಲ್ಲಿ ಸೀಸಿಯಂ ಎಲ್ಲಿಂದ ಬರಬೇಕು? ಇಲ್ಲಿ ಇರಬಹುದಾದ್ದು ಯುರೇನಿಯಂ, ಗ್ರಾನೈಟ್ ಬಂಡೆಯಿಂದ ಇಳಿದದ್ದು. ನಮ್ಮ ಗಡಸು ನೀರಲ್ಲಿ ಅದು ಕಾರ್ಬೊನೇಟ್ ಜೊತೆ ಸೇರಿ ಹೆಚ್ಚಾಗಿ ಋಣ ಚಾರ್ಜ್ ಆಗುತ್ತದೆ. ಹಾಗಾಗಿ ಬರಿ ಜಿಯೋಲೈಟ್ ಕಲ್ಲಿಗೂ ಅದಕ್ಕೂ ಆಗಿಬರುವುದಿಲ್ಲ.

ಕಿರಣ: ಅಕ್ಕಾ, ಅವರ ಹತ್ತಿರ ಅಷ್ಟೆಲ್ಲಾ ಇದ್ದೂ 2023ರಿಂದ ಆ ನೀರನ್ನು ಸಮುದ್ರಕ್ಕೆ ಬಿಡ್ತಿದ್ದಾರಲ್ಲ. ಅಂದರೆ ಆ ಶುದ್ಧೀಕರಣವೇ ಬೋಗಸ್ ಅಲ್ವಾ?

ಸುಮ: ಬೋಗಸ್ ಅಲ್ಲ, ಪೂರ್ತಿಯೂ ಅಲ್ಲ. ಒಂದೊಂದು ವಿಕಿರಣ ವಸ್ತುವಿಗೂ ಒಂದೊಂದು ಬಲೆ ಬೇಕು. ಸ್ಟ್ರಾಂಷಿಯಂ ಹಿಡಿಯಲು ಟೈಟನೇಟ್ ಅನ್ನುವ ಬೇರೆ ವಸ್ತು ಬೇಕು, ಅಯೋಡಿನ್‌ಗೆ ಬೇರೆ. ಹೀಗೆ 62 ಬಗೆ ತೆಗೆಯಲೆಂದೇ ಆ ಶುದ್ಧೀಕರಣ ಘಟಕ ಕಟ್ಟಿದರು. ಕೊನೆಗೆ ಟ್ರಿಟಿಯಂ ಉಳಿಯಿತು. ಅದು ಹೈಡ್ರೋಜನ್ನೇ, ನೀರೇ ಆಗಿ ಕೂತಿರುತ್ತದೆ. ನೀರಿನಿಂದ ನೀರನ್ನು ಯಾವ ಫಿಲ್ಟರ್ ಸೋಸುತ್ತದೆ? ಅದಕ್ಕೇ ಟ್ರಿಟಿಯಂ ಲೀಟರಿಗೆ 1,500 ಬೆಕೆರೆಲ್‌ಗಿಂತ (ವಿಕಿರಣದ ಅಳತೆ) ಕಡಿಮೆ ಆಗುವಷ್ಟು ಸಮುದ್ರದ ನೀರು ಬೆರೆಸಿ ಬಿಡುತ್ತಿದ್ದಾರೆ. ಕುಡಿಯುವ ನೀರಿಗೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 10,000.

ದೊಡ್ಡಪ್ಪ: ನಮ್ಮ ಕೈಗಾ ಅಣುಸ್ಥಾವರ ನೆನಪಿದೆಯಾ? 2009ರಲ್ಲಿ ಯಾರೋ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಇದ್ದ ಭಾರಜಲ ಸೇರಿಸಿದ್ದರು. ನೌಕರರ ಮೂತ್ರ ಪರೀಕ್ಷೆಯಲ್ಲಿ ಗೊತ್ತಾಗಿತ್ತು.

ಸುಮ: ಹೌದು ದೊಡ್ಡಪ್ಪ, ಅದೇ ಟ್ರಿಟಿಯಂ.

ರಾಜು ಚಿಕ್ಕಪ್ಪ: ವಿಷಯ ಬೇರೆ ಕಡೆ ಹೋಗ್ತಿದೆ. ನನ್ನ ಮೂಟೆಯಲ್ಲಿ "ನಾಶ" ಅಂತ ಬರೆದಿದೆ.

ಸುಮ: ನಾಶ ಆಗುವುದೇ ಇಲ್ಲ ಚಿಕ್ಕಪ್ಪ, ಅದನ್ನೇ ನಾನು ಬೆಳಿಗ್ಗೆಯಿಂದ ಹೇಳಬೇಕು ಅಂತಿರೋದು. ಅದು ನೀರಿನಿಂದ ಕಲ್ಲಿಗೆ ಹೋಗುತ್ತದೆ, ಅಷ್ಟೇ. ಸೀಸಿಯಂ 137 ಅರ್ಧ ಆಗಲು 30 ವರ್ಷ ಬೇಕು. ಫುಕುಶಿಮಾದ ನೆಲಮಾಳಿಗೆಯಲ್ಲಿ ಇಟ್ಟ ಜಿಯೋಲೈಟ್ ಮೂಟೆಗಳು ಸೀಸಿಯಂ ಹೀರಿ ಹೀರಿ, ಮನುಷ್ಯ ಹತ್ತಿರ ಹೋಗಲಾಗದಷ್ಟು ವಿಕಿರಣ ಬಿಡುತ್ತಿವೆ, ತೆಗೆಯಲು ನೀರೊಳಗೆ ಓಡಾಡುವ ಯಂತ್ರಗಳನ್ನೇ ಇಳಿಸಬೇಕು. ನೀವು ಅಂಥದ್ದೇ ಮೂಟೆಯನ್ನು ಸಂಪಿನಲ್ಲಿ ಬಿಟ್ಟು, ಅದೇ ನೀರು ಕುಡಿತೀವಿ ಅಂತಿದ್ದೀರ. ನಿಜವಾಗಲೂ ಏನಾದರೂ ಹಿಡಿದರೆ ಆ ಕಲ್ಲನ್ನು ಎಲ್ಲಿ ಎಸೀತೀರಿ?

ವಿಮಲತ್ತೆ: ತಿಪ್ಪೆಗೆ 😄

ವಿಮಲತ್ತೆ: ನಾನು ಕುದಿಸಿ ಕುಡೀತೀನಿ. ಸಾಕಲ್ವಾ ಸುಮ?

ಸುಮ: ಇಲ್ಲ ಅತ್ತೆ, ಹುಳ ಸಾಯುತ್ತದೆ, ಯುರೇನಿಯಂ ಹೋಗಲ್ಲ. ನೀರು ಆವಿಯಾದಷ್ಟೂ ತಳದಲ್ಲಿ ಗಟ್ಟಿಯಾಗುತ್ತದೆ. ಅದೂ ಅಲ್ಲದೆ ಅದರಿಂದ ಮೊದಲ ತೊಂದರೆ ಕಿಡ್ನಿಗೆ, ವಿಕಿರಣಕ್ಕಿಂತ ಹೆಚ್ಚಾಗಿ ವಿಷದ ಲೋಹ ಅನ್ನುವ ಕಾರಣಕ್ಕೆ. ಆರ್‌ಓ ಹೆಚ್ಚಿನ ಪಾಲು ತೆಗೆಯುತ್ತದೆ. ಅದಕ್ಕೆಂದೇ ಇರುವ ರಾಳದ ಫಿಲ್ಟರ್ ಕೂಡ.

ಕಿರಣ: ಅಂದರೆ ಕೊನೆಗೆ ಆರ್‌ಓ ಕಂಪನಿಗೇ ಜೈ 🙄

ಸುಮ: ಮೊದಲು ನೀರು ಟೆಸ್ಟ್ ಮಾಡಿಸು ಕಣೋ. ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ಒಳಗಿದ್ದರೆ ಯಾವ ಕಲ್ಲೂ ಬೇಡ, ಯಾವ ಜೈಯೂ ಬೇಡ.

ರಾಜು ಚಿಕ್ಕಪ್ಪ: ಆ ಅಂಗಡಿಯವನು ಫೋನ್ ಎತ್ತುತ್ತಿಲ್ಲ.

ವಿಮಲತ್ತೆ: ಅಡ್ವಾನ್ಸ್ ಎಷ್ಟು ಕೊಟ್ಟಿರಿ?

ರಾಜು ಚಿಕ್ಕಪ್ಪ: ಅದು ಬಿಡು. ಸುಮ, ಟೆಸ್ಟ್‌ಗೆ ನೀರು ಹೇಗೆ ಹಿಡಿಯಬೇಕು?

ಸುಮ: ಹೊಸ ಬಾಟಲಿ, ಒಂದು ಲೀಟರ್. ಸಂಪಿನಿಂದ ಬೇಡ. ಮೋಟಾರ್ ಹತ್ತು ನಿಮಿಷ ಓಡಿಸಿ, ಪೈಪಿನಿಂದಲೇ ಹಿಡಿಯಿರಿ.

ರಾಜು ಚಿಕ್ಕಪ್ಪ: ತ್ರೀ ಫೇಸ್ ರಾತ್ರಿ ಹನ್ನೊಂದಕ್ಕೆ ಕೊಡ್ತಾರೆ. ಕಿರಣ, ಟಾರ್ಚ್ ತಗೊಂಡು ಬಾ.