ಯಾದವರನ್ನು ಕೊಂದದ್ದು ಶಾಪವೇ?

ಗುಂಪಿನ ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ. ಟೈಪ್ ಮಾಡುತ್ತ ಕುಳಿತರೆ ಬೆಳಗಾದೀತೆಂದು ಧ್ವನಿಯಲ್ಲೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಅಡಿಕೆ ಸುಲಿಯುತ್ತ ಕೇಳಿದರೂ ಆಯಿತು.

ಶಿರಸಿಯ ತಾಳಮದ್ದಳೆ ಮುಗಿಸಿ ಬಂದ ಭಾವನವರು ಇಲ್ಲಿ ಹಾಕಿದ ಮಾತಿನ ಸಾರ ಇಷ್ಟು: ಯಾದವರು ಗಾಂಧಾರಿಯ ಮತ್ತು ಋಷಿಗಳ ಶಾಪದಿಂದ ಅಳಿದರು, ನಮ್ಮ ಸಮಾಜವೂ ಕಲಿಯ ಮಹಿಮೆಯಿಂದ ಅಳಿಯುತ್ತಿದೆ, ಮನುಷ್ಯಪ್ರಯತ್ನದಿಂದ ಇದು ನಿಲ್ಲುವಂಥದ್ದಲ್ಲ. ಅದರ ಕೆಳಗೆ ಬೆಂಗಳೂರಿನಿಂದ ನಮ್ಮ ತಂಗಿಯ ಮಗಳು ಕೇಳಿದ್ದಾಳೆ: ಒಬ್ಬೊಬ್ಬರ ಮನಸ್ಸಿನೊಳಗೆ ಇರುವ ಕೇಡು ಇಡೀ ಸಮಾಜವನ್ನು ಕೆಡವುವಷ್ಟು ಬೆಳೆಯುವುದು ಹೇಗೆ? ಭಾವನವರ ಓದಿನ ಮೇಲೆ ನನಗೆ ಗೌರವವಿದೆ. ಆದರೂ ಆ ಹುಡುಗಿಯ ಪ್ರಶ್ನೆಗೆ ಶಾಪ ಎಂಬ ಒಂದು ಶಬ್ದದಿಂದ ಉತ್ತರ ಕೊಟ್ಟು ಮುಗಿಸುವುದು ನ್ಯಾಯವಲ್ಲ ಎಂದು ನನ್ನ ಅಭಿಪ್ರಾಯ.

ಶಾಪವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಯಾದವರು ಒಬ್ಬರನ್ನೊಬ್ಬರು ಹೊಡೆದುಕೊಂಡು ಸತ್ತ ಪ್ರಭಾಸ ತೀರ್ಥದಲ್ಲಿ ನಡೆದದ್ದನ್ನಷ್ಟೇ ನೋಡೋಣ. ಕುರುಕ್ಷೇತ್ರದ ಯುದ್ಧ ಮುಗಿದು 36 ವರ್ಷಗಳಾಗಿವೆ. ಯಾದವರಿಗೆ ಹೇಳಿಕೊಳ್ಳುವಂಥ ಶತ್ರುವಿಲ್ಲ, ಸಂಪತ್ತಿಗೆ ಕೊರತೆಯಿಲ್ಲ, ಸಾಕ್ಷಾತ್ ಕೃಷ್ಣನೇ ನಡುವೆ ಕುಳಿತಿದ್ದಾನೆ. ಕುಡಿತದ ಅಮಲಿನಲ್ಲಿ, ಯುದ್ಧದಲ್ಲಿ ಪಾಂಡವರ ಕಡೆಗಿದ್ದ ಸಾತ್ಯಕಿಯು ಕೌರವರ ಕಡೆಗಿದ್ದ ಕೃತವರ್ಮನನ್ನು ನೋಡಿ, ಮಲಗಿ ನಿದ್ರಿಸುತ್ತಿದ್ದವರನ್ನು ಕೊಂದ ಶೂರ ನೀನು ಎಂದು ಹಂಗಿಸುತ್ತಾನೆ. ಕೃಷ್ಣನ ಮಗ ಪ್ರದ್ಯುಮ್ನ ಅದಕ್ಕೆ ಭೇಷ್ ಎನ್ನುತ್ತಾನೆ. ಕೃತವರ್ಮ ಎಡಗೈ ಚಾಚಿ ತೋರಿಸಿ, ತೋಳು ಕಡಿದುಹೋಗಿ, ಅನ್ನನೀರು ಬಿಟ್ಟು ಸಾಯುವ ಪ್ರಾಯೋಪವೇಶಕ್ಕೆ ಕುಳಿತಿದ್ದ ಕೌರವಪಕ್ಷದ ಭೂರಿಶ್ರವಸ್ಸಿನ ಪ್ರಾಣ ತೆಗೆದವನು ನೀನಲ್ಲವೇ ಎಂದು ತಿರುಗಿ ಕೇಳುತ್ತಾನೆ. ಇಬ್ಬರು ಹೇಳಿದ್ದೂ ನಿಜವೇ. ಇಬ್ಬರೂ ತಾವು ಮಾಡಿದ್ದನ್ನು ಇಷ್ಟು ವರ್ಷ ಮುಚ್ಚಿಟ್ಟು, ಎದುರಿನವನು ಮಾಡಿದ್ದನ್ನು ಮಾತ್ರ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದರು. ಮಾತು ಸ್ಯಮಂತಕ ಮಣಿಗಾಗಿ ಸತ್ಯಭಾಮೆಯ ತಂದೆಯನ್ನು ಕೊಂದ ಹಳೆಯ ಸಂಗತಿಗೆ ಹೋಗುತ್ತದೆ, ಸತ್ಯಭಾಮೆ ಅಳುತ್ತಾಳೆ, ಸಾತ್ಯಕಿ ಎದ್ದು ಕೃತವರ್ಮನ ತಲೆ ಕಡಿಯುತ್ತಾನೆ. ಆಮೇಲೆ ಯಾದವರದೇ ಕವಲುಗಳಾದ ಭೋಜರೂ ಅಂಧಕರೂ ಸಾತ್ಯಕಿಯನ್ನು ಸುತ್ತುವರಿದು ಹೊಡೆಯಲು ಹಿಡಿದದ್ದು ತಾವು ಉಂಡ ಎಂಜಲು ಪಾತ್ರೆಗಳನ್ನು. ಋಷಿಗಳ ಶಾಪದ ಒನಕೆಯ ಪುಡಿಯಿಂದ ಹುಟ್ಟಿದ ಜೊಂಡು ಕೈಗೆ ಬಂದದ್ದು ಅದಾದ ನಂತರ. ತಾಳಮದ್ದಳೆಯಲ್ಲಿ ಮಾತಾಡುವ ನಮ್ಮ ಅರ್ಥಧಾರಿಗಳು ಜೊಂಡಿನ ಮಹಿಮೆಯನ್ನು ಗಂಟೆಗಟ್ಟಲೆ ವಿಸ್ತರಿಸಿ ಎಂಜಲು ಪಾತ್ರೆಯನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ. ಅದು ತಿರುಗುಮುರುಗಾಗಬೇಕಿತ್ತು ಎಂದು ಪ್ರತಿ ಸಲವೂ ನನಗೆ ಅನ್ನಿಸುತ್ತದೆ.

ಇದಕ್ಕೂ ಮುಂಚೆಯೇ, ಅಪಶಕುನಗಳನ್ನು ವರ್ಣಿಸುವಲ್ಲಿ, ವೃಷ್ಣಿಗಳು, ಅಂದರೆ ಈ ಯಾದವರು, ಪಾಪ ಮಾಡಿಯೂ ನಾಚುತ್ತಿರಲಿಲ್ಲ ಎಂಬ ಮಾತು ಬರುತ್ತದೆ. ತಂಗಿಯ ಮಗಳಿಗೆ ನನ್ನ ಉತ್ತರ ಅಲ್ಲಿಯೇ ಇದೆ. ಮತ್ಸರ, ಲೋಭ, ಹಗೆ ಇವು ಯಾವ ಕಾಲದಲ್ಲೂ ಯಾವ ಊರಲ್ಲೂ ಇಲ್ಲದೆ ಇರಲಿಲ್ಲ. ಅವುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಜನ ಮದುವೆ ಮುಂಜಿ ಮಾಡಿದ್ದಾರೆ, ಕೆರೆಯ ಹೂಳೆತ್ತಿದ್ದಾರೆ. ಅವುಗಳನ್ನು ಕಂಡರೆ ಸುತ್ತಲಿನವರು ಮುಖ ಸಿಂಡರಿಸುವುದನ್ನು ಬಿಟ್ಟು, ಮೊದಲು ಸುಮ್ಮನಿದ್ದು, ಆಮೇಲೆ ಪ್ರದ್ಯುಮ್ನನ ಹಾಗೆ ಭೇಷ್ ಎನ್ನಲು ತೊಡಗಿದಾಗ ಒಬ್ಬನ ಕೇಡು ಊರಿನ ರೂಢಿಯಾಗುತ್ತದೆ.

ಘಟ್ಟದ ಮೇಲಿನ ನಮ್ಮ ಕಡೆ ಇದನ್ನು ಕಾಣಲು ಪುರಾಣವೇನೂ ಬೇಕಿಲ್ಲ. ಮಳೆ ಕಳೆದು ಹಳ್ಳದ ನೀರು ಇಳಿಯುತ್ತಿದ್ದಂತೆ ಕೇರಿಯವರೆಲ್ಲ ಮನೆಗೊಂದು ಆಳಿನಂತೆ ಸೇರಿ, ಕಲ್ಲು, ಮಣ್ಣು, ಸೊಪ್ಪು, ಅಡಿಕೆ ದಬ್ಬೆ ಹಾಕಿ ಒಡ್ಡು ಕಟ್ಟುತ್ತಿದ್ದುದು, ಅಲ್ಲಿಂದ ಪಾಳಿಯ ಪ್ರಕಾರ ಕಾಲುವೆಯಲ್ಲಿ ತೋಟಗಳಿಗೆ ನೀರು ಹೋಗುತ್ತಿದ್ದುದು ಹಿರಿಯರಿಗೆಲ್ಲ ನೆನಪಿರುತ್ತದೆ. ನಾನು ಹತ್ತಿರದಿಂದ ಬಲ್ಲ ಒಂದು ಕೇರಿಯಲ್ಲಿ ಒಬ್ಬರು ರಾತ್ರಿ ಹೊತ್ತು ಒಡ್ಡಿನ ಹಿಂದಿನ ಗುಂಡಿಗೆ ಪಂಪು ಇಳಿಸಲು ಶುರುಮಾಡಿದರು. ಬೆಳಿಗ್ಗೆ ಕೆಳಗಿನ ತೋಟದವನು ತನ್ನ ಪಾಳಿಗೆಂದು ಗುದ್ದಲಿ ಹೊತ್ತು ಬಂದರೆ ಕಾಲುವೆಯ ತಳದಲ್ಲಿ ಕೆಸರು ಮಾತ್ರ. ಪಂಪಿನ ಸದ್ದು ಎಲ್ಲರ ಮನೆಯ ಜಗುಲಿಗೂ ಕೇಳುತ್ತಿತ್ತು. ಕೆಲವರು ಅವರ ಹತ್ತಿರ ಸಾಲ ತೆಗೆದುಕೊಂಡಿದ್ದರು, ಕೆಲವರಿಗೆ ಅವರು ಬೀಗರು, ಇನ್ನು ಕೆಲವರು ತಾವೂ ಒಂದು ಪಂಪು ತರುವ ಲೆಕ್ಕಾಚಾರದಲ್ಲಿದ್ದರು. ಹೀಗಾಗಿ ಬಾಯಿ ಬಿಟ್ಟವರು ಯಾರೂ ಇಲ್ಲ. ಮುಂದಿನ ವರ್ಷ ಇನ್ನೆರಡು ಪಂಪು ಬಂದವು. ಅದರ ಮುಂದಿನ ವರ್ಷ ಒಡ್ಡಿನ ಕೆಲಸಕ್ಕೆ ಕರೆದಾಗ ಆಳು ಕಳಿಸಿದ್ದು ಎರಡೋ ಮೂರೋ ಮನೆಯವರು. ಈಗ ಅಲ್ಲಿ ಒಡ್ಡೂ ಇಲ್ಲ, ಪಾಳಿಯೂ ಇಲ್ಲ. ಮನೆಮನೆಗೂ ಬೋರ್‌ವೆಲ್ ಇದೆ, ಬೇಸಿಗೆಯಲ್ಲಿ ಅದರಲ್ಲೂ ನೀರಿಲ್ಲ. ಮೊದಲು ಪಂಪು ಇಳಿಸಿದವರು ದುಷ್ಟರೇನಲ್ಲ, ಮನೆಗೆ ಹೋದವರ ಮುಂದೆ ಕವಳದ ಬಟ್ಟಲು ಇಟ್ಟು, ಊಟ ಮಾಡಿಸಿಯೇ ಕಳಿಸುವವರು. ಕೇರಿಯ ಬಾಕಿ ಜನರೂ ಅಷ್ಟೇ ಒಳ್ಳೆಯವರು. ನನ್ನನ್ನು ಹೆಚ್ಚು ಕಾಡುವುದು ಅದೇ.

ಘಟ್ಟ ಇಳಿದು ಅಂಕೋಲೆಯ ಬೇಲೇಕೇರಿಗೆ ಹೋದರೆ ಇದೇ ಸಂಗತಿ ದೊಡ್ಡ ಪ್ರಮಾಣದಲ್ಲಿ ಕಾಣುತ್ತದೆ. 2010ರಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿಟ್ಟಿದ್ದ ಕಬ್ಬಿಣದ ಅದಿರಿನಲ್ಲಿ ಲಕ್ಷಗಟ್ಟಲೆ ಟನ್ ಬಂದರಿನಿಂದಲೇ ಹಡಗು ಹತ್ತಿ ಹೋಯಿತು. ಅದಿರು ಜೇಬಿನಲ್ಲಿ ಹಾಕಿಕೊಂಡು ಹೋಗುವ ವಸ್ತುವಲ್ಲ; ಅದನ್ನು ತುಂಬಲು ಯಂತ್ರ ಬೇಕು, ಚಾಲಕ ಬೇಕು, ತೂಕ ಬರೆಯುವವನು ಬೇಕು, ಕಾಗದಕ್ಕೆ ಮುದ್ರೆ ಒತ್ತುವವನು ಬೇಕು, ಬೇರೆ ಕಡೆ ನೋಡುತ್ತ ನಿಲ್ಲುವ ಕಾವಲುಗಾರನೂ ಬೇಕು. ಜಪ್ತಿ ಮಾಡಿದ ಅಧಿಕಾರಿಯನ್ನೇ ಅಮಾನತು ಮಾಡುವ ಮಾತು ಬಂದಾಗ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರು ರಾಜೀನಾಮೆ ಕೊಟ್ಟು, ಬಳಿಕ ಅದನ್ನು ಹಿಂತೆಗೆದುಕೊಂಡು, 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಮೇಲಿನ ತಮ್ಮ ವರದಿ ಒಪ್ಪಿಸಿದರು. ನ್ಯಾಯಾಲಯದ ವಿಷಯ ನ್ಯಾಯಾಲಯಕ್ಕೆ ಬಿಟ್ಟದ್ದು, ಅದರ ಬಗ್ಗೆ ನಾನಿಲ್ಲಿ ಮಾತಾಡುವುದಿಲ್ಲ.

ನೀರು ಮತ್ತು ಅದಿರು ಹೋದರೆ ಬದುಕು ಕಷ್ಟವಾಗುತ್ತದೆ ಅಷ್ಟೇ, ಸಮಾಜ ಬಿದ್ದುಹೋಯಿತು ಎನ್ನುವಂತಿಲ್ಲ ಎಂದು ಭಾವನವರು ಹೇಳಿಯಾರು. ನಿಜವಾಗಿ ಬಿದ್ದದ್ದನ್ನು ನೋಡಬೇಕಾದರೆ ಆಫ್ರಿಕಾದ ರುವಾಂಡಾ ಕಡೆ ತಿರುಗಬೇಕು. ಅಲ್ಲಿ ಹುಟು ಮತ್ತು ಟುಟ್ಸಿ ಎಂಬ ಎರಡು ಸಮುದಾಯದವರು ಒಂದೇ ಭಾಷೆ ಆಡುತ್ತ, ಒಂದೇ ಗುಡ್ಡದ ಮೇಲೆ ಅಕ್ಕಪಕ್ಕ ಬೇಸಾಯ ಮಾಡುತ್ತ, ಎಷ್ಟೋ ಕಡೆ ನೆಂಟಸ್ತಿಕೆಯನ್ನೂ ಬೆಳೆಸಿಕೊಂಡು ಇದ್ದವರು. 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ಗುರುತಿನ ಚೀಟಿಯ ಮೇಲೆ ಯಾರು ಯಾವ ಗುಂಪಿನವರು ಎಂದು ಬರೆಸಿತು. ಹಾಗಾಗಿ ಹೊರಗಿನವರ ಪಾಲೂ ಇದರಲ್ಲಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 1993ರಲ್ಲಿ ಶುರುವಾದ ಒಂದು ಖಾಸಗಿ ರೇಡಿಯೋ ಒಳ್ಳೆಯ ಸಂಗೀತ ಮತ್ತು ನಗೆಚಾಟಿಕೆಯ ನಡುವೆ ಟುಟ್ಸಿಗಳನ್ನು ಜಿರಲೆಗಳೆಂದು ಕರೆಯತೊಡಗಿದಾಗ ಕೇಳಿ ನಕ್ಕವರು ಆ ನೆಲದವರೇ. 1994ರ ಏಪ್ರಿಲ್‌ನಲ್ಲಿ ಅಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಿದ ಮೇಲೆ ಅದೇ ರೇಡಿಯೋ ಯಾರ್‍ಯಾರನ್ನು ಹುಡುಕಬೇಕೆಂದು ಹೆಸರು ಹೇಳಿತು. ಸುಮಾರು 100 ದಿನಗಳಲ್ಲಿ 8 ಲಕ್ಷದಷ್ಟು ಜನ ಸತ್ತರು. ಬಹಳಷ್ಟು ಮಂದಿಯನ್ನು ಕೊಂದದ್ದು ಗದ್ದೆ ಕೆಲಸಕ್ಕೆ ಬಳಸುವ ಕತ್ತಿಯಿಂದ, ಕೊಂದವರಲ್ಲಿ ಅನೇಕರು ಪಕ್ಕದ ಮನೆಯವರು, ಕೊಂದ ಮೇಲೆ ಸತ್ತವರ ಜಾನುವಾರು ಮತ್ತು ಮನೆಯ ಹೆಂಚನ್ನು ಹಂಚಿಕೊಂಡದ್ದೂ ಇದೆ. ವರ್ಷಗಟ್ಟಲೆ ಮನಸ್ಸಿನಲ್ಲಿದ್ದ ಗಡಿಜಗಳಕ್ಕೂ ಹೊಟ್ಟೆಕಿಚ್ಚಿಗೂ ರೇಡಿಯೋ ಒಪ್ಪಿಗೆಯ ಚೀಟಿ ಕೊಟ್ಟಿತ್ತು. ಆ ರೇಡಿಯೋ ನಡೆಸಿದವರನ್ನು 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅಪರಾಧಿಗಳೆಂದು ತೀರ್ಮಾನಿಸಿತು. ಅವರ ದೊಡ್ಡ ಆಯುಧ ಮೈಕೇ ಆಗಿತ್ತು.

ಮನುಷ್ಯಪ್ರಯತ್ನದಿಂದ ಏನೂ ನಿಲ್ಲುವುದಿಲ್ಲ ಎಂಬ ಮಾತಿಗೆ ನಮ್ಮ ಜಿಲ್ಲೆಯಲ್ಲೇ ಉತ್ತರವಿದೆ. 1930ರ ದಶಕದಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಕಂದಾಯ ಕೊಡುವುದಿಲ್ಲವೆಂದು ನಡೆದ ಕರನಿರಾಕರಣೆಯಲ್ಲಿ ಸಿದ್ದಾಪುರ, ಅಂಕೋಲೆ ಕಡೆಯ ರೈತರ ಜಮೀನು ಜಪ್ತಿಯಾದಾಗ, ಅಗ್ಗಕ್ಕೆ ಸಿಗುತ್ತದೆಂದು ಅದನ್ನು ಹರಾಜಿನಲ್ಲಿ ಹಿಡಿಯುವ ಆಸೆ ಅಕ್ಕಪಕ್ಕದವರಿಗೆ ಹುಟ್ಟುವುದು ಸಹಜವಾಗಿತ್ತು, ಕೆಲವರು ಹಿಡಿದರು ಕೂಡ. ಮಾವಿನಗುಂಡಿಯಲ್ಲಿ ಹೆಂಗಸರು ಹಾಗೆ ಜಪ್ತಿಯ ಆಸ್ತಿ ಕೊಂಡವರ ಮನೆಯ ಮುಂದೆ ಉಪವಾಸ ಕುಳಿತರು. ಜೋಗಕ್ಕೆ ಹೋಗುವಾಗ ಅವರ ಸ್ಮಾರಕದ ಪಕ್ಕದಲ್ಲೇ ನಾವೆಲ್ಲ ಚಹಾಕ್ಕೆ ಗಾಡಿ ನಿಲ್ಲಿಸುತ್ತೇವೆ. ನಾಚಿಕೆ ಹುಟ್ಟಿಸುವ ಹೆಸರಿನಲ್ಲಿ ನಮ್ಮವರು ಬಹಿಷ್ಕಾರ ಹಾಕಿ ಎಷ್ಟು ಸಂಸಾರಗಳನ್ನು ಹಾಳುಮಾಡಿದ್ದಾರೆ, ವಿಧವೆಯರನ್ನು ಹೇಗೆ ನಡೆಸಿಕೊಂಡಿದ್ದಾರೆ ಎಂಬುದು ಗೊತ್ತಿರುವುದರಿಂದ, ನಾಲ್ಕು ಜನ ಏನಂದಾರು ಎಂಬ ಮಾತನ್ನು ನಾನು ಕಣ್ಣುಮುಚ್ಚಿ ಹೊಗಳುವವನಲ್ಲ. ಆ ಹೆಂಗಸರು ಹಸಿವನ್ನು ತಮ್ಮ ಮೈಮೇಲೆ ತೆಗೆದುಕೊಂಡರು, ಎದುರಿನವರ ಅನ್ನಕ್ಕೆ ಕೈಹಾಕಲಿಲ್ಲ, ಅಷ್ಟು ವ್ಯತ್ಯಾಸವಿದೆ. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ನಂತರ ಜಮೀನುಗಳು ಮೂಲದವರಿಗೆ ಮರಳುವ ದಾರಿಯಾಯಿತು.

ಇನ್ನೊಂದು ವಿಷಯ ಹೇಳಿ ನಿಲ್ಲಿಸುತ್ತೇನೆ. ತಾಳಮದ್ದಳೆಯ ಫೋಟೋಗಳ ಮೇಲೆಯೇ ಭಾವನವರು ಒಂದು ಫಾರ್ವರ್ಡ್ ಹಾಕಿದ್ದಾರೆ. ಕರಾವಳಿಯ ಬೋಟುಗಳಿಗೂ ನಮ್ಮ ಅಡಿಕೆ ಕೊಯ್ಲಿಗೂ ಬರುವ ಹೊರರಾಜ್ಯದ ಕೂಲಿಯವರನ್ನು ಅದರಲ್ಲಿ ಹುಳಗಳೆಂದು ಕರೆದು, ಊರಿಗೆ ಬಿಟ್ಟುಕೊಳ್ಳಬೇಡಿ ಎಂದು ಬರೆದಿದೆ. ಯಾರು ಬರೆದರು, ಎಲ್ಲಿ ಏನು ನಡೆಯಿತು ಎಂಬ ಒಂದು ವಿವರವೂ ಅದರಲ್ಲಿಲ್ಲ. ಕೆಳಗೆ ನಮ್ಮ ಮನೆಯವರೇ ಐದಾರು ಮಂದಿ ಹೆಬ್ಬೆರಳಿನ ಗುರುತು ಒತ್ತಿದ್ದಾರೆ. ಭಾವ, ಅದಕ್ಕೆ ಆಧಾರವಿದ್ದರೆ ದಯವಿಟ್ಟು ಇಲ್ಲಿಯೇ ತಿಳಿಸಿ, ಇಲ್ಲವಾದರೆ ಇವತ್ತೇ ಅದನ್ನು ತೆಗೆದುಬಿಡಿ. ನಿಮ್ಮ ಫೋನಿನಿಂದ ತೆಗೆಯಲು ಬಾರದಿದ್ದರೆ ಅಡ್ಮಿನ್ ಆಗಿರುವ ತಮ್ಮನಿಗೆ ಹೇಳಿ, ಅವನು ತೆಗೆಯುತ್ತಾನೆ.