ಹತ್ತುವಾಗ ಇಲ್ಲದ ನೀಲಿ ಹೊಗೆ ಇಳಿಯುವಾಗ ಯಾಕೆ?

ಪ್ರಶ್ನೆ (ಚಿಕ್ಕಮಗಳೂರಿನ ಸದಸ್ಯರು): ನನ್ನದು 1.2 ಲೀಟರ್ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್, 80,000 ಕಿ.ಮೀ. ದಾಟಿದೆ. ಕಂಪನಿ ಟರ್ಬೊ (ಎಕ್ಸಾಸ್ಟ್ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ತೆಗೆಸಿ ದೊಡ್ಡದು ಹಾಕಿಸಿದ್ದೇನೆ, ಜೊತೆಗೆ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ), ಫ್ರೀ ಫ್ಲೋ ಎಕ್ಸಾಸ್ಟ್, ಕ್ಯಾಚ್ ಕ್ಯಾನ್ (ಎಂಜಿನ್ ಒಳಗಿನ ಆವಿಯಲ್ಲಿ ಬರುವ ಆಯಿಲ್ ಹಿಡಿಯುವ ಡಬ್ಬಿ). ಮುಳ್ಳಯ್ಯನಗಿರಿ ಹತ್ತುವಾಗ ಹೊಗೆ ಇಲ್ಲ. ಸೆಕೆಂಡ್ ಗೇರ್‌ನಲ್ಲಿ ಇಳಿದು ಬಂದು ಆಕ್ಸಿಲರೇಟರ್ ಒತ್ತಿದರೆ ನೀಲಿ ಹೊಗೆ. ವೀಕೆಂಡಲ್ಲಿ ಕೈಮರ ಚೆಕ್‌ಪೋಸ್ಟ್ ಸಾಲಲ್ಲಿ ಎಂಜಿನ್ ಆನ್ ಇಟ್ಟು ನಿಂತರೂ ಅದೇ ಕಥೆ, ಹಿಂದಿನ ಬೈಕಿನವರು ಬೈತಾರೆ. ಒಬ್ಬರು ಟರ್ಬೊ ಹೋಗಿದೆ ಅಂದರು, ಇನ್ನೊಬ್ಬರು ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು ಅಂದರು. ಆಯಿಲ್ ಕ್ಯಾಪ್ ಒಳಗೆ ಬಿಳಿ ಕೆನೆ ಬೇರೆ. ಕೂಲೆಂಟ್ ಆಯಿಲ್‌ಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ಟೂ ಹೋಯ್ತಾ?

ಉತ್ತರ (ಟರ್ಬೊ ಮೆಕ್ಯಾನಿಕ್, ಹಾಸನ): ಸದ್ಯಕ್ಕೆ ಎಂಜಿನ್ ಬಿಚ್ಚಿಸಬೇಡಿ. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ, ಅಷ್ಟೇ. ಅದು ಎಲ್ಲಿಂದ ಬರುತ್ತಿದೆ ಅಂತ ತಿಳಿಯೋಕೆ ಹೊಗೆ ಯಾವಾಗ ಬರುತ್ತೆ ಅಂತ ನೋಡಬೇಕು. ರಿಂಗ್ ಸವೆದಿದ್ದರೆ ಲೋಡ್ ಬಿದ್ದಾಗ, ಅಂದರೆ ಗಿರಿ ಹತ್ತುವಾಗಲೇ ಜಾಸ್ತಿ ಇರಬೇಕಿತ್ತು. ನಿಮ್ಮದು ಉಲ್ಟಾ ಅಲ್ವಾ? ಹಾಗಾಗಿ ವಾಲ್ವ್ ಸ್ಟೆಮ್ ಸೀಲ್ (ವಾಲ್ವ್ ಕಡ್ಡಿಯ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ಸೀಲ್), ಬ್ರೀದರ್ (ಎಂಜಿನ್ ಒಳಗಿನ ಆವಿ ಹೊರಹೋಗುವ ದಾರಿ), ಟರ್ಬೊ, ಈ ಮೂರನ್ನು ಮೊದಲು ನೋಡೋಣ. ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ಬುಸ್ ಅಂತ ನೀಲಿ ಹೊಗೆ ಬಂದು ನಿಂತರೆ ಸ್ಟೆಮ್ ಸೀಲ್ ಮೇಲೆ ಅನುಮಾನ.

ಟರ್ಬೊ ಕಡೆಯಿಂದ ಬಂದರೂ ಟರ್ಬೊ ಹೋಗಿದೆ ಅಂತಲ್ಲ. ಅದರೊಳಗಿನ ಸೀಲ್ ರಬ್ಬರ್ ಅಲ್ಲ, ಪಿಸ್ಟನ್ ರಿಂಗ್ ಥರದ ಸಣ್ಣ ಲೋಹದ ರಿಂಗ್. ಆಯಿಲ್ ಆಚೆ ಬರದಿರೋಕೆ ಎದುರು ಬದಿಯ ಒತ್ತಡವೂ ಬೇಕು, ಅದು ಬೂಸ್ಟ್ ಇದ್ದಾಗ, ಅಂದರೆ ಟರ್ಬೊ ಗಾಳಿ ಒತ್ತುತ್ತಿರುವಾಗ ಸಿಗುತ್ತೆ, ಐಡಲ್‌ನಲ್ಲಿ, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ತೀರಾ ಕಡಿಮೆ. ಇನ್ನೊಂದು ವಿಷಯ, ಬೇರಿಂಗ್‌ಗೆ ಆಯಿಲ್ ತರೋದು ಪಂಪ್, ಆದರೆ ವಾಪಸ್ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತಟ್ಟೆಗೆ) ಅದು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಹಾಗೆ ಇಳಿಯುವ ಡ್ರೇನ್ ಪೈಪ್ ಮಡಚಿದ್ದರೆ, ತೀರಾ ಅಡ್ಡ ಮಲಗಿದ್ದರೆ, ಗ್ಯಾಸ್ಕೆಟ್‌ಗೆ ಬಳಿದ ಸಿಲಿಕಾನ್ ಒಳಗೆ ಹಿಂಡಿ ಬಂದು ತೂತನ್ನು ಅರ್ಧ ಮುಚ್ಚಿದ್ದರೆ ಆಯಿಲ್ ಟರ್ಬೊದಲ್ಲೇ ನಿಂತು ಸೀಲ್ ದಾಟಿ ಎಕ್ಸಾಸ್ಟ್‌ಗೆ ಬರುತ್ತೆ. ಹೊಸ ಟರ್ಬೊ ಹಾಕಿದರೂ ಬರುತ್ತೆ! ದೊಡ್ಡ ಟರ್ಬೊ ಕೂರಿಸಿದ ಕಾರಿನಲ್ಲಿ ನಾನು ಮೊದಲು ನೋಡೋದು ಇದನ್ನೇ, ಯಾಕಂದರೆ ಕಂಪನಿ ಪೈಪ್ ಎಷ್ಟೋ ಸಲ ಹೊಂದಲ್ಲ, ಕೈಗೆ ಸಿಕ್ಕ ಹೋಸ್ ಕತ್ತರಿಸಿ ಹಾಕಿರುತ್ತಾರೆ. ಡಿಪ್‌ಸ್ಟಿಕ್ಕೂ ನೋಡಿ, ಆಯಿಲ್ ಮ್ಯಾಕ್ಸ್ ಗೆರೆ ದಾಟಿದ್ದರೂ ಇದೇ ಕಾಟ.

ಕೆನೆ ವಿಚಾರ. ಮಲೆನಾಡಿನ ಮಳೆಗಾಲದಲ್ಲಿ ತೋಟದಿಂದ ಪೇಟೆಗೆ ನಾಲ್ಕೈದು ಕಿ.ಮೀ. ಓಡಿಸಿ ನಿಲ್ಲಿಸುವ ಕಾರಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ ತೇವ ಆಯಿಲ್ ಜೊತೆ ಸೇರಿ ಹೀಗೆ ಕಟ್ಟೋದು ಮಾಮೂಲಿ. ಕೂಲೆಂಟ್ ಇಳಿಯುತ್ತಿದೆಯಾ? ಡಿಪ್‌ಸ್ಟಿಕ್ಕಲ್ಲೂ ಹಾಲಿನ ಬಣ್ಣವಾ? ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ಇದೆಯಾ? ಮೂರೂ ಇಲ್ಲದಿದ್ದರೆ ಗ್ಯಾಸ್ಕೆಟ್ ಚಿಂತೆ ಬಿಡಿ. ಆದರೆ ಅದೇ ಕೆನೆ ಕ್ಯಾಚ್ ಕ್ಯಾನ್ ಹೋಸನ್ನೂ ಕಟ್ಟಿಸಿರಬಹುದು. ಆಗ ಆವಿ ಹೊರಹೋಗದೆ ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಕೆಳಭಾಗ) ಒಳಗೆ ಒತ್ತಡ ಏರಿ, ಡ್ರೇನ್ ಸರಿ ಇದ್ದರೂ ಆಯಿಲ್ ಕೆಳಗಿಳಿಯಲ್ಲ.

ಸ್ಪಾರ್ಕ್ ಪ್ಲಗ್ ತೆಗೆಸಿ, ಡೌನ್‌ಪೈಪ್ (ಟರ್ಬೊದಿಂದ ಹೊರಡುವ ಎಕ್ಸಾಸ್ಟ್ ಪೈಪ್) ಬಿಚ್ಚಿಸಿ ನೋಡಿ ಹೇಳಿ. ಪ್ಲಗ್ ಒಣಗಿದ್ದು ಟರ್ಬೈನ್ (ಟರ್ಬೊದ ಎಕ್ಸಾಸ್ಟ್ ಬದಿಯ ಚಕ್ರ) ಬಾಯಿ ಮಾತ್ರ ಒದ್ದೆಯಿದ್ದರೆ ಎಂಜಿನ್‌ದು ತಪ್ಪಿಲ್ಲ.

ಪ್ರಶ್ನೆ ಕೇಳಿದವರು: ನೋಡಿಸಿದೆ ಸರ್. ಪ್ಲಗ್ ಎಲ್ಲಾ ಒಣ, ಟರ್ಬೈನ್ ಬಾಯಿ ಒದ್ದೆ. ಕೂಲೆಂಟ್ ಇಳಿದಿಲ್ಲ, ಬೆಳಿಗ್ಗೆ ಹೊಗೆ ಇಲ್ಲ. ಕ್ಯಾಚ್ ಕ್ಯಾನ್ ಹೋಸ್ ತುಂಬಾ ಕೆನೆ ಇತ್ತು, ತೊಳೆಸಿದೆ. ಡ್ರೇನ್ ಹೋಸ್ ಒಂದು ಕಡೆ ಮಡಚಿಕೊಂಡಿದೆ. ಆದರೆ ಶಾಫ್ಟ್ ಅಲ್ಲಾಡುತ್ತೆ, ಟರ್ಬೊ ಬದಲಿಸಲೇಬೇಕು ಅಂತಿದ್ದಾರೆ.

ಉತ್ತರ: ಯಾವ ಕಡೆ ಅಲ್ಲಾಡುತ್ತೆ ಅಂತ ಕೇಳಿ. ಬುಷ್ ಬೇರಿಂಗ್ ಟರ್ಬೊದಲ್ಲಿ ಶಾಫ್ಟ್ ತಿರುಗೋದು ಆಯಿಲ್ ಪದರದ ಮೇಲೆ, ಹಾಗಾಗಿ ಆಯಿಲ್ ಒತ್ತಡ ಇಲ್ಲದಾಗ ಶಾಫ್ಟ್ ಅಕ್ಕಪಕ್ಕ ಸ್ವಲ್ಪ ಆಡೋದು ಸಹಜ. ಒಳಗೆ ಹೊರಗೆ ಎಳೆದಾಗ ಕೈಗೆ ಆಟ ಸಿಗಬಾರದು, ಚಕ್ರದ ರೆಕ್ಕೆ ಗೋಡೆಗೆ ತಾಗಬಾರದು. ಇವೆರಡು ಸರಿ ಇದ್ದರೆ ಟರ್ಬೊ ಮುಟ್ಟಬೇಡಿ. ಡ್ರೇನ್ ಮಾತ್ರ ಹೊಸದು ಮಾಡಿಸಿ. ಸಾಧ್ಯವಾದಷ್ಟು ನೇರ ಕೆಳಕ್ಕೆ, ಎಲ್ಲೂ ಕಿರಿದಾಗದೆ, ಸಂಪ್‌ನ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಮಾಡಿಸಿದ ದಿನ ಹೊಗೆ ನಿಲ್ಲಲ್ಲ, ಗಾಬರಿ ಬೇಡ. ಸೈಲೆನ್ಸರ್‌ನಲ್ಲಿ ಕೂತಿರುವ ಹಳೇ ಆಯಿಲ್ ಉರಿದು ಹೋಗಬೇಕು. ಬೇಲೂರು ಮೇಲೆ ಹಾಸನಕ್ಕೆ ಒಂದು ಸಲ ಬಂದು ಹೋಗಿ, ಆಮೇಲೆ ತೀರ್ಮಾನ ಮಾಡಿ.

ಇನ್ನೊಬ್ಬ ಸದಸ್ಯರು: ನನ್ನದು ರೀಮ್ಯಾಪ್ ಮಾಡಿದ ಡೀಸೆಲ್. ಕಡೂರು ರಸ್ತೆಯಲ್ಲಿ ಏನಿಲ್ಲ, ಗಿರಿ ಹತ್ತುವಾಗ ಕಪ್ಪು ಹೊಗೆ.

ಉತ್ತರ: ಕಪ್ಪು ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ. ಮುಳ್ಳಯ್ಯನಗಿರಿ 1930 ಮೀಟರ್, ಅಲ್ಲಿ ಗಾಳಿ ಸಮುದ್ರಮಟ್ಟದಷ್ಟು ದಟ್ಟ ಇರಲ್ಲ, ಮೇಲಾಗಿ ಚಡಾವಿಗೆ ಪೂರ್ತಿ ಲೋಡ್. ಕೆಳಗೆ ಅಂಚಲ್ಲಿ ನಡೆಯುತ್ತಿದ್ದ ಮ್ಯಾಪ್ ಅಲ್ಲಿ ಬಣ್ಣ ತೋರಿಸುತ್ತೆ. ಮೊದಲು ಏರ್ ಫಿಲ್ಟರ್, ಇಂಟರ್‌ಕೂಲರ್ (ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಭಾಗ) ಹೋಸ್ ಬಿರುಕು ನೋಡಿಸಿ, ಅವು ಸರಿ ಇದ್ದರೆ ಮ್ಯಾಪ್‌ನಲ್ಲಿ ಡೀಸೆಲ್ ಕಮ್ಮಿ ಮಾಡಿಸಿ. ಒಂದು ಎಚ್ಚರಿಕೆ. ನಿಮ್ಮ ಹೊಗೆ ಎಂದಾದರೂ ನೀಲಿಗೆ ತಿರುಗಿ ಆಯಿಲ್ ಇಳಿಯತೊಡಗಿದರೆ ಓಡಿಸಬೇಡಿ. ಟರ್ಬೊ ದಾಟಿ ಬಂದ ಆಯಿಲನ್ನೇ ಕುಡಿದು ಡೀಸೆಲ್ ಎಂಜಿನ್ ತಾನಾಗಿ ರೇಸ್ ಆಗಬಹುದು, ಆಗ ಕೀ ತಿರುಗಿಸಿದರೂ ಆಫ್ ಆಗಲ್ಲ. ಮ್ಯಾನುಯಲ್ ಗೇರ್ ಆದರೆ ಬ್ರೇಕ್ ಗಟ್ಟಿ ಒತ್ತಿ, ಟಾಪ್ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಸಾಯಿಸಿ.