ಬೂರುಗದ ಕಾಯಿ ಶಿಲ್ಪ: ಮರದ ತೊಟ್ಟಿನ ಸುತ್ತ ಸಿಮೆಂಟ್ ಬಿರುಕು

ಹಸಿಗಾರೆ:
ಬಾಯಿಬಿಟ್ಟ ಬೂರುಗದ ಕಾಯಿಯ ಆಕಾರ, 3 ಅಡಿ ಉದ್ದ. 8 ಎಂಎಂ ಸರಳಿನ ಹಂದರ, ಮೇಲೆ ಎರಡು ಸುತ್ತು ಚಿಕನ್ ಮೆಶ್, ತೆಂಗಿನ ನಾರು ಕಲಸಿದ 1:3 ಗಾರೆ (ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳು). ತೊಟ್ಟು ಜಾಲಿ ಮರದ್ದು, 5 ಇಂಚು ದಪ್ಪ. ಕಬ್ಬಿಣದ ಮೊಳೆ ಹೊಡೆದು ಹಸಿ ಗಾರೆಯಲ್ಲೇ ಹೂತದ್ದು. ಮೂರು ವಾರಕ್ಕೆ ತೊಟ್ಟಿನ ಬುಡದಿಂದ ನಾಲ್ಕು ಬಿರುಕು, ಮೊಳೆ ಸುತ್ತ ಕಪ್ಪು. ಎಪಾಕ್ಸಿ ತುಂಬಿದರೆ ನಿಲ್ಲುತ್ತದಾ? ತೋಟದಲ್ಲಿ, ಬಯಲಲ್ಲಿ ಇಡಬೇಕು.

ಉಳಿಪೆಟ್ಟು:
ನಿಲ್ಲಲ್ಲ, ಪಕ್ಕದಲ್ಲೇ ಇನ್ನೊಂದು ಕಡೆ ಸೀಳುತ್ತೆ. ಬಿರುಕು ಮರದಿಂದ ಹೊರಕ್ಕೆ ಕಿರಣದ ಹಾಗೆ ಹೋಗಿದ್ದರೆ ಗಾರೆಯ ನೀರು ಕುಡಿದು ಮರ ಉಬ್ಬಿರುವ ಸಾಧ್ಯತೆಯೇ ಹೆಚ್ಚು. ತೇವಾಂಶ ಶೇ. 12ರಿಂದ 18ಕ್ಕೆ ಏರಿದರೆ 5 ಇಂಚಿನ ಮರ ಅಡ್ಡಕ್ಕೆ 1–2 ಎಂಎಂ ಹಿಗ್ಗುತ್ತದೆ. ಎಳೆಯ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲ.

ತೊಟ್ಟು ಬಿಡಿಸಿ. ಸುತ್ತ 6 ಎಂಎಂ ಸಂದು ಬರುವಷ್ಟು ಗಾರೆ ಕೊರೆಯಿರಿ. ಕಾಯಿ ಬಾಯಿಬಿಟ್ಟಿರೋದು ಅನುಕೂಲ, ಒಳಗಿಂದ ಕೈ ಹೋಗುತ್ತೆ: ಹಂದರಕ್ಕೆ ತೂತಿನ ಪ್ಲೇಟ್ ವೆಲ್ಡ್ ಮಾಡಿ, 12 ಎಂಎಂ ಸ್ಟೇನ್‌ಲೆಸ್ ಥ್ರೆಡ್ ರಾಡ್ ಒಂದನ್ನೇ ಮರದ ನಟ್ಟನಡುವೆ ತೂರಿಸಿ ನಟ್ ಬಿಗಿಯಿರಿ. ಎರಡು ಬೋಲ್ಟ್ ಹಾಕಿದರೆ ಅವುಗಳ ನಡುವೆ ಮರವೇ ಸೀಳೀತು. ಸಂದಿಗೆ ಮೊದಲು ಫೋಮ್ ಹಗ್ಗ, ಮೇಲೆ ಪಿಯು (ಪಾಲಿಯುರೆಥೇನ್) ಸೀಲೆಂಟ್, ಅಂದರೆ ರಬ್ಬರಿನ ಹಾಗೆ ಹಿಗ್ಗುವ ಅಂಟು. ಸೀಲೆಂಟ್ ಎರಡು ಪಕ್ಕಕ್ಕೆ ಮಾತ್ರ ಅಂಟಬೇಕು, ತಳಕ್ಕೂ ಹಿಡಿದರೆ ಹರಿದುಹೋಗಿ ಸೀಳು ಬಿಡುತ್ತೆ.

ಕಪ್ಪು ಕೊಳೆತವಲ್ಲ. ಜಾಲಿಯ ಒಗರಿಗೆ ಕಬ್ಬಿಣ, ನೀರು ಸೇರಿ ಶಾಯಿಯಾಗಿದೆ ಅಷ್ಟೆ. ಮೊಳೆ ಕಿತ್ತು, ಲೀಟರ್ ನೀರಿಗೆ 50 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ ಬಳಿಯಿರಿ, ಆಮೇಲೆ ಚೆನ್ನಾಗಿ ತೊಳೆಯಿರಿ. ವಿಷ, ಗ್ಲೌಸ್ ಬೇಕೇ ಬೇಕು.

ಗಾರೆಕೈ:
ಮೇಲಿನದು ಸರಿ. ಆದರೆ ನಾರಿನ ಬಗ್ಗೆ ಯಾರೂ ಕೇಳಲಿಲ್ಲವಲ್ಲ! ಸಿಮೆಂಟಿನ ಕ್ಷಾರಕ್ಕೆ ತೆಂಗಿನ ನಾರು ವರ್ಷಗಳಲ್ಲಿ ಪೆಡಸಾಗಿ ಸತ್ವ ಕಳೆದುಕೊಳ್ಳುತ್ತದೆ. ತೊಳೆಯದೆ ಹಾಕಿದರೆ ಗಾರೆ ಗಟ್ಟಿಯಾಗುವುದೂ ತಡ. ತೇಪೆಗೆ 12 ಎಂಎಂ ಪಾಲಿಪ್ರೊಪಿಲೀನ್ ಫೈಬರ್ ಹಾಕಿ, 50 ಕೆಜಿ ಸಿಮೆಂಟ್ ಚೀಲಕ್ಕೆ 125 ಗ್ರಾಂ. ನೀರು ಚೀಲಕ್ಕೆ 22 ಲೀಟರ್ ದಾಟದಿರಲಿ. ಒಂದು ಸಲಕ್ಕೆ 10 ಎಂಎಂ ದಪ್ಪ ಮಾತ್ರ ಮೆತ್ತಿ, ಹಳೆಯ ಅಂಚನ್ನು ಕೆರೆದು ನೆನೆಸಿದ ಮೇಲೆ. ಏಳು ದಿನ ಒದ್ದೆ ಗೋಣಿ.

ಕಾಯಿಯ ತುಟಿ ನೋಡಿ. ಚೂಪು ಬರಲಿ ಅಂತ ಅಲ್ಲಿ ಎಲ್ಲರೂ ಗಾರೆ ತೆಳು ಮಾಡ್ತಾರೆ. ಮೆಶ್ ತುಕ್ಕು ಹಿಡಿಯೋದು ಅಲ್ಲೇ ಮೊದಲು.

ಹಸಿಗಾರೆ:
ತುಟಿಯಲ್ಲಿ 4 ಎಂಎಂ ಅಷ್ಟೇ ಇದೆ. ಮೆಶ್ ಕತ್ತರಿಸಿ ಹಿಂದಕ್ಕೆ ಸರಿಸಲಾ?

ಗಾರೆಕೈ:
ಹೂಂ, ಅಂಚಿನಿಂದ 15 ಎಂಎಂ ಒಳಕ್ಕೆ. ಕಾಯಿಯ ತಳದಲ್ಲಿ 10 ಎಂಎಂ ತೂತೂ ಇರಲಿ, ಇಲ್ಲದಿದ್ದರೆ ಮಳೆಗಾಲಕ್ಕೆ ಸೊಳ್ಳೆ ತೊಟ್ಟಿ.